ಮರಕ್ಕೆ ಹಿಡಿದ ಟೇಪು

ಮದುಮಗನ ಬಿಳಿ ಕೋಟನ್ನು ಅಂಗಡಿ ಮುಂದಿನ ಅಂಗಳದ ತಂತಿಗೆ ನೇತುಹಾಕಿ ದರ್ಜಿ ಮೈಮುರಿಯುವಷ್ಟರಲ್ಲಿ ಬೀದಿಯ ನೀರುಕಾಯಿ ಮರ ತನ್ನ ಕೆಲಸ ಮುಗಿಸಿತ್ತು. ಕಾಗೆ ಕುಕ್ಕಿ ಬೀಳಿಸಿದ ಮೊಗ್ಗೊಂದು ಕೋಟಿನ ಭುಜದ ಮೇಲೆ ಪಿಚಕ್ಕನೆ ನೀರು ಕಾರಿ ಹಳದಿ ಕಲೆ ಬಿಟ್ಟಿತ್ತು. ಸಂಜೆಗೆ ಮದುಮಗ ಬರುವವನಿದ್ದ.

"ಈ ಬೀದೀಲಿ ನಾನಿರ್ಬೇಕು, ಇಲ್ಲ ಈ ಮರ ಇರ್ಬೇಕು!"

"ಮರ ಹೂವಾದ್ರೂ ಬಿಡುತ್ತೆ, ಅದೇ ಇರ್ಲಿ," ಎಂದಳು ಹೆಂಡತಿ, ಕೋಟನ್ನು ಬಚ್ಚಲಿಗೆ ಒಯ್ಯುತ್ತಾ.

ಪಕ್ಕದ ಮನೆಯ ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರಿಗೆ ಅಷ್ಟು ಸಾಕಾಯಿತು. ಪಾಠ ಕೇಳುವವರಿಲ್ಲದೆ ಅವರ ನಾಲಿಗೆ ತುಕ್ಕು ಹಿಡಿದಿತ್ತು. ಗೋಡೆಯ ಮೇಲಿಂದ ಒಂಟೆಯಂತೆ ಕತ್ತು ಚಾಚಿದರು.

"ಇದು ಹೊರದೇಶದ ಮರ ಕಣಯ್ಯ. ಅಂದಕ್ಕೆ ಅಂತ ತಂದು ನೆಟ್ರು. ದೋಣಿಯಂಥ ಕಾಯಿ ಒಡೆದು, ರೆಕ್ಕೆ ಬೀಜ ಗಾಳೀಲಿ ಹಾರಿ, ಈಗ ಕಂಡಕಂಡಲ್ಲಿ ತಾನೇ ಹುಟ್ಕೊಳ್ಳುತ್ತೆ."

"ಅಂದ್ರೆ ನಾಲ್ಕು ದಿನಕ್ಕೆ ಬಂದು ಝಾಂಡಾ ಊರಿದ ನೆಂಟ!" ದರ್ಜಿಯ ಕಣ್ಣರಳಿತು. "ಕಡಿಸೋಕೆ ಇಷ್ಟು ಸಾಲ್ದಾ?"

ನಗರಪಾಲಿಕೆ ಕಚೇರಿಗೆ ಫೋನು ಹೋಯಿತು. ಮಧ್ಯಾಹ್ನ ಮರಗಳ ಅಧಿಕಾರಿಣಿ ಬಂದಿಳಿಯುವ ಹೊತ್ತಿಗೆ ಎದುರುಮನೆಯ ಅಜ್ಜಿ ಮರಕ್ಕೊರಗಿ ಕುರ್ಚಿ ಹಾಕಿಕೊಂಡು ಕೂತಾಗಿತ್ತು.

"ನಾನೂ ಮದುವೆಯಾಗಿ ಹೊರಗಿಂದ ಬಂದವಳೇ. ನನ್ನನ್ನೂ ಕಡೀತೀಯೇನೋ?"

ಇದೇ ಸಮಯವೆಂದು ಮೇಷ್ಟ್ರು ಮೊಗ್ಗೊಂದನ್ನು ಹೆಕ್ಕಿ, "ನೋಡಿ ಮೇಡಂ, ಇದರೊಳಗೆ ನೀರಿರುತ್ತೆ," ಎಂದು ಹಿಸುಕಿದರು. ನೀರು ನೆಟ್ಟಗೆ ಆಕೆಯ ಕನ್ನಡಕಕ್ಕೆ ಚಿಮ್ಮಿತು.

"ಇರುತ್ತೆ. ಗೊತ್ತಾಯ್ತು," ಎಂದು ಆಕೆ ಕನ್ನಡಕ ಒರೆಸಿಕೊಂಡರು.

ಕಬ್ಬಿಣ ಕಾದಿದೆ ಎನಿಸಿತು ದರ್ಜಿಗೆ. "ಹೊರದೇಶದ್ದು ಅನ್ನೋದು ಸಾಲದು ಅಂತ ರಸ್ತೇನೂ ನುಂಗಿದೆ ಮೇಡಂ. ಬೇಕಾದ್ರೆ ಅಳೆದು ನೋಡಿ!"

"ಟೇಪು ತಂದಿಲ್ವಲ್ಲ."

ದರ್ಜಿ ತನ್ನ ಕೊರಳಿನ ಟೇಪನ್ನು ಸರ್ರನೆ ಎಳೆದು ಕೊಟ್ಟು, ಒಂದು ತುದಿಯನ್ನು ತಾನೇ ಹಿಡಿದು ನಿಂತ.

ಆಕೆ ಅಳೆದರು. ಬೀದಿಯ ನಕ್ಷೆ ಬಿಚ್ಚಿ ನೋಡಿದರು. ಮತ್ತೆ ಅಳೆದರು. ದರ್ಜಿ ಆಗಲೇ ಮನಸ್ಸಿನಲ್ಲಿ ಆ ಮರದಿಂದ ಬಟ್ಟೆ ಕತ್ತರಿಸುವ ಮೇಜು ಮಾಡಿಸುತ್ತಿದ್ದ.

"ಮರ ತನ್ನ ಜಾಗದಲ್ಲೇ ಇದೆ," ಎಂದರು ಅಧಿಕಾರಿಣಿ. "ನಿಮ್ಮ ಕಾಂಪೌಂಡು ಗೋಡೆ ರಸ್ತೆಗೆ ಬಂದಿದೆ. ಒಡೀಬೇಕು."

ಅಷ್ಟರಲ್ಲಿ ಹೆಂಡತಿ ಒದ್ದೆ ಕೋಟು ಹಿಡಿದು ಹೊರಬಂದಳು. ಸೋಪು ಹಚ್ಚಿ ಎರಡು ಸಲ ಉಜ್ಜಿದ್ದಕ್ಕೇ ಕಲೆ ಹೋಗಿತ್ತು. ವಿಷಯ ಕೇಳಿ ಎದೆ ಮುಟ್ಟಿಕೊಂಡಳು.

"ಸದ್ಯ, ಗೋಡೆಗೇ ಮುಗೀತಲ್ಲ ರೀ! ನಮ್ಮ ಅಂಗಡಿ ಅಳೆಸಿದ್ರೆ ಏನು ಗತಿ ಆಗ್ತಿತ್ತು?"

ಟೇಪು ಸುತ್ತುತ್ತಿದ್ದ ಅಧಿಕಾರಿಣಿಯ ಕೈ ನಿಂತಿತು.

"ಒಳ್ಳೇದು ನೆನಪಿಸಿದ್ರಿ," ಎಂದು ದರ್ಜಿಯ ಕಡೆ ತಿರುಗಿದರು. "ಆ ತುದಿ ಹಿಡ್ಕೊಳ್ಳಿ."