ಹೆಚ್ಚುವರಿ ಹಾಳೆ

ವಿಮೆ ಏಜೆಂಟನಾಗಿ ಶಹಾಪುರ, ಸುರಪುರ ಭಾಗದಲ್ಲಿ ಬಹಳ ವರ್ಷ ತಿರುಗಿದ್ದೇನೆ. ಜನ ಸುಳ್ಳು ಹೇಳಿ ಏಜೆಂಟರನ್ನು ಸಿಕ್ಕಿಸುತ್ತಾರೆ ಎಂದು ತರಬೇತಿಯಲ್ಲಿ ಎಚ್ಚರಿಸಿದ್ದರು. ನಿಜ ಹೇಳಿ ಸಿಕ್ಕಿಸುವವರ ಬಗ್ಗೆ ಯಾರೂ ಹೇಳಿರಲಿಲ್ಲ. ನನ್ನ ಪಾಲಿಗೆ ಬಂದವರು ಹೆಚ್ಚಾಗಿ ಇವರೇ.

ಕಟ್ಟೆಯ ಮೇಲೆ ಫಾರಂ

ಭೀಮರಾಯನಗುಡಿಯಿಂದ ಸ್ವಲ್ಪ ದೂರದ ಊರೊಂದರಲ್ಲಿ ಕಾಲುವೆಯ ಗೇಟು ಏರಿಸಿ ಇಳಿಸುವ ನೌಕರರೊಬ್ಬರಿದ್ದರು. ಊರಿಗೆಲ್ಲ ಅವರು ಗೇಟಿನ ಕಾಕಾ. ಆರೋಗ್ಯ ವಿಮೆ ಬೇಕೆಂದು ನನಗೆ ಹೇಳಿಕಳಿಸಿದ್ದು ಕಾಕಾ ಅಲ್ಲ, ಅವರ ಹೆಂಡತಿ. ಮಾವನ ಕಾಯಿಲೆಗೆ ಅರ್ಧ ಹೊಲ ಹೋಗಿತ್ತು. ಉಳಿದದ್ದು ಕಾಲುವೆ ಕೆಳಗಿನ ಎರಡೆಕರೆ. ಅದು ಗಂಡನ ದವಾಖಾನೆಗೆ ಹೋಗಬಾರದು ಎಂಬುದು ಅವರ ಹಟ.

“ಜೀವ ವಿಮಾನೂ ಮಾಡಸ್ರಿ ಅವ್ವಾ” ಎಂದೆ.

“ಅದು ಇವ್ರು ಹೋದ ಮ್ಯಾಲ ಬರೂ ರೊಕ್ಕ. ಮೊದಲ ಇವ್ರು ಇರೂದಕ್ಕ ಏನರ ಮಾಡ್ರಿ” ಎಂದರು. ಎರಡರ ವ್ಯತ್ಯಾಸ ಹೇಳಲು ತರಬೇತಿಯಲ್ಲಿ ನಮಗೆ ಎರಡು ದಿನ ಹಿಡಿದಿತ್ತು.

ಫಾರಂ ತುಂಬಿದ್ದು ಕಟ್ಟೆಯ ಮೇಲೆ. ಪ್ರಶ್ನೆ ಕಾಕಾಗೆ, ಉತ್ತರ ಊರಿನದು.

“ತಂಬಾಕು?”

“ಛೇ ಛೇ, ಎಂದರ ಒಮ್ಮೆ” ಎಂದರು ಕಾಕಾ.

“ಎಂದರ ಒಮ್ಮೆ ಬಿಡ್ತಾನ್ರಿ” ಎಂದಿತು ಹಿಂದಿನಿಂದ ಒಂದು ದನಿ.

“ದಿನಕ್ಕ ಆರು ಚೀಟಿ. ಬರಕೋರಿ” ಎಂದರು ಹೆಂಡತಿ.

“ಏಳ್ರಿ” ಎಂದ ಕಿರಾಣಿ ಅಂಗಡಿಯವ. “ಒಂದು ಮನ್ಯಾಗ ಗೊತ್ತಿಲ್ದಂಗ ಒಯ್ತಾನ.”

ಆಮೇಲೆ ಮೊಣಕಾಲು ನೋವು, ದಂಡೆ ಏರುವಾಗ ಹತ್ತುವ ದಮ್ಮು, ಹೋದ ವರ್ಷ ತಲೆ ತಿರುಗಿ ಗೇಟಿನ ಬುಡದಲ್ಲಿ ಕುಳಿತದ್ದು, ಎಲ್ಲ ಬಂತು. ಫಾರಂನಲ್ಲಿ ಜಾಗ ಮುಗಿದು ಹೆಚ್ಚುವರಿ ಹಾಳೆ ಹಚ್ಚಿದೆ. “ಇಷ್ಟೆಲ್ಲಾ ಬರದ್ರ ಕಂತು ಹೆಚ್ಚಾಗ್ತದ. ಹಳೇ ಬ್ಯಾನಿಗೆ ರೊಕ್ಕ ಸಿಗಾಕ ಕೆಲವು ವರ್ಷ ತಡೀಬೇಕಾಗ್ತದ” ಎಂದು ಎಚ್ಚರಿಸಿದೆ.

“ತಡೀತೀವಿ” ಎಂದರು ಹೆಂಡತಿ. “ಮುಚ್ಚಿಟ್ಟಿದ್ದು ನಾಳಿ ಹೊರಗ ಬಿದ್ರ ಏನೂ ಕೊಡೂದಿಲ್ಲಲ್ಲ? ಆಗ ಹೊಲಾ ನೀವು ಉಳಸ್ತೀರೇನು?”

ನಾನು ಬರೆದೆ. ಸಹಿಗೆ ಮುಂಚೆ ಕಾಕಾ ಹಾಳೆಯನ್ನು ನಿಧಾನವಾಗಿ ಓದಿ, “ಈ ಮನುಷ್ಯಾ ಇನ್ನೂ ಹ್ಯಾಂಗ ಬದುಕ್ಯಾನ್ರಿ?” ಎಂದರು.

ಹನ್ನೆರಡು ಮಂದಿಯ ಉಪವಾಸ

ಹಾಳೆ ಓದಿದ ಕಂಪನಿ ರಕ್ತ ಪರೀಕ್ಷೆ ಬೇಕೆಂದಿತು. ಯಾದಗಿರಿಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಆ ಊರಲ್ಲಿ ದವಾಖಾನೆಗೆ ಒಬ್ಬರನ್ನೇ ಕಳಿಸುವ ಪದ್ಧತಿ ಇಲ್ಲ. ಟೆಂಪೊದಲ್ಲಿ ಹನ್ನೊಂದು ಮಂದಿ, ನಾನು ಹನ್ನೆರಡನೆಯವ. ಉಪವಾಸ ಕುಳಿತವರ ಎದುರು ತಿನ್ನುವುದು ಸರಿಯಲ್ಲವೆಂದು ಯಾರೂ ಚಹಾ ಸಹ ಮುಟ್ಟಿರಲಿಲ್ಲ. ನಾಚಿಕೆಗೆ ನಾನೂ ಹಸಿದಿದ್ದೆ.

“ಪೇಶಂಟ್ ಯಾರು?” ಎಂದು ಲ್ಯಾಬಿನವರು ಕೇಳಿದರು.

“ಹೆಂಗೂ ಹಸದು ಬಂದೀವಿ. ಉಪಾಸ ದಂಡ ಆಗೂದು ಬ್ಯಾಡ, ಎಲ್ಲಾರದೂ ತಗೀರಿ” ಎಂದ ಅಂಗಡಿಯವ.

ಕಾಕಾಗೆ ಸಕ್ಕರೆ ಅಂಚಿನಲ್ಲಿತ್ತು. ಅಂಗಡಿಯವನಿಗೆ ಅಂಚು ದಾಟಿತ್ತು. ಹನ್ನೆರಡು ಮಂದಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಂದದ್ದು, ದಾರಿಯುದ್ದಕ್ಕೂ ಟೆಂಪೊದಲ್ಲಿ ಊಟ, ನಿದ್ದೆ, ನಡಿಗೆಗಳ ಬಗ್ಗೆ ಉಪದೇಶ ಮಾಡಿದವನಿಗೆ.

ಕಾಕಾನ ಹೆಂಡತಿ ಆ ಉಪದೇಶಕನ ವರದಿಯನ್ನು ನನ್ನ ಕೈಗಿಟ್ಟು, “ಸಾಹೇಬ್ರ, ನಿಮ್ಮ ಫಾರಂ ಯಾರು ತುಂಬ್ಯಾರ್ರಿ?” ಎಂದರು.

“ಮಾಡಸ್ಬೇಕ್ರಿ, ನೋಡೂಣು” ಎಂದೆ. ಗಿರಾಕಿಗಳು ನನಗೆ ಹೇಳುವ ಮಾತು ಅದೇ.

ಹೆಗಲ ಮೇಲಿನ ಹ್ಯಾಂಡಲ್

ಪಾಲಿಸಿ ಬಂತು. ಡಾಕ್ಟರು ಕಾಕಾಗೆ ತಂಬಾಕು ಬಿಡಲು, ದಿನಾ ನಡೆಯಲು ಹೇಳಿದರು. ತಂಬಾಕನ್ನು ಹೆಂಡತಿ ಬಿಡಿಸಿದರು. ನಡೆಯಲು ಊರು ಬಿಡಲಿಲ್ಲ. “ಎಲ್ಲಿಗಿ ಹೊಂಟಿ ಕಾಕಾ?” ಎಂದರೆ “ಎಲ್ಲಿಗೂ ಇಲ್ಲ” ಎನ್ನುವುದು ಅಲ್ಲಿ ಉತ್ತರವಲ್ಲ. ನಾಲ್ಕು ಹೆಜ್ಜೆಗೊಂದು ಬೈಕು ನಿಂತು, “ಹತ್ತು, ಬಿಟ್ಟು ಬರ್ತೀನಿ” ಅನ್ನುತ್ತಿತ್ತು.

ಹೆಂಡತಿಯೇ ಉಪಾಯ ಕಂಡುಹಿಡಿದರು. ಗೇಟು ತಿರುಗಿಸುವ ಕಬ್ಬಿಣದ ಹ್ಯಾಂಡಲ್ಲನ್ನು ಹೆಗಲ ಮೇಲಿಟ್ಟು ಕಳಿಸಿದರು. ಡ್ಯೂಟಿಯ ಮೇಲಿದ್ದವರನ್ನು ಯಾರೂ ತಡೆಯುವುದಿಲ್ಲ.

ತಡೆಯಲಿಲ್ಲ, ನಿಜ. ಹ್ಯಾಂಡಲ್ ಕಂಡ ರೈತರು ನೀರು ಬಿಡುತ್ತಾರೆಂದು ಸಲಿಕೆ ಹಿಡಿದು ಹಿಂದೆ ಬಂದರು. ಕಾಲುವೆ ದಂಡೆಯ ಮೇಲೆ ಮುಂದೆ ಕಾಕಾ, ಹಿಂದೆ ಇಪ್ಪತ್ತು ಸಲಿಕೆ. ಗೇಟಿನ ತನಕ ಹೋಗಿ ಕಾಕಾ ಹೊರಳಿದರೆ ಎಲ್ಲರೂ ಹೊರಳಬೇಕು. “ಇವತ್ತಿಲ್ಲೇನ್ರಿ?” “ಇವತ್ತಿಲ್ಲ.” ನಾಳೆ ಬಿಟ್ಟಾರೆಂಬ ಆಸೆಗೆ ಮರುದಿನವೂ ಬಂದರು. ಬೇಸಿಗೆ ಮುಗಿಯುವ ಹೊತ್ತಿಗೆ ಊರಲ್ಲಿ ಯಾರಿಗೂ ಹೊಟ್ಟೆ ಉಳಿದಿರಲಿಲ್ಲ.

ದೇವರಂಥ ಮನುಷ್ಯ

ಕಾಯುವ ಅವಧಿ ಮುಗಿದ ಮರುವರ್ಷ ಕಾಕಾಗೆ ಎದೆ ಹಿಡಿಯಿತು. ಕಲಬುರಗಿಯಲ್ಲಿ ಆಪರೇಶನ್. ದೊಡ್ಡ ಬಿಲ್ಲು. ದುಡ್ಡು ಕೊಡುವ ಮೊದಲು ಹಳೇ ರೋಗ ಮುಚ್ಚಿಟ್ಟಿದ್ದಾರೆಯೇ ಎಂದು ನೋಡಲು ಕಂಪನಿಯ ಅಧಿಕಾರಿ ಊರಿಗೆ ಬಂದು ಕಟ್ಟೆಯವರನ್ನು ವಿಚಾರಿಸಿದರು. ಎರಡೆಕರೆ ಈಗ ಕಟ್ಟೆಯ ಬಾಯಲ್ಲಿತ್ತು.

ಕಟ್ಟೆಗೆ ಕಾಕಾನ ಮೇಲೆ ಪ್ರೀತಿ ಉಕ್ಕಿತು.

“ತಂಬಾಕ? ವಾಸನಿ ಸೈತ ಗೊತ್ತಿಲ್ರಿ ಆತಗ.”

“ದಮ್ಮಾ? ಕುದುರಿ ಇದ್ದಂಗ ಅದಾನ್ರಿ.”

“ದೇವರಂಥಾ ಮನುಷ್ಯಾ” ಎಂದ ಅಂಗಡಿಯವ.

ಅಧಿಕಾರಿ ಹೆಚ್ಚುವರಿ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. “ಹಾಳೆಯಲ್ಲಿರುವ ಮನುಷ್ಯ ಬೇರೆ, ಇವರು ಹೇಳುವ ಮನುಷ್ಯ ಬೇರೆ. ಪರೀಕ್ಷೆಗೆ ಬೇರೆ ಯಾರನ್ನೋ ಕಳಿಸಿದ್ದಿರಾ?” ಎಂದರು.

ಅಷ್ಟರಲ್ಲಿ ದವಾಖಾನೆಗೆ ಬಟ್ಟೆ ಒಯ್ಯಲು ಬಸ್ಸಿಳಿದು ಬಂದ ಕಾಕಾನ ಹೆಂಡತಿ ಕೊನೆಯ ಮಾತು ಕೇಳಿಸಿಕೊಂಡರು. ಚೀಲ ಕೆಳಗಿಟ್ಟರು.

“ದೇವರಂಥಾ ಮನುಷ್ಯಾ ಅಂತಿ? ಏಳನೇ ಚೀಟಿ ಕೊಟ್ಟಾವ ನೀನಲ್ಲೇನೋ? ಖರೇ ಹೇಳ್ರಿ ಎಲ್ಲಾರೂ. ನನ್ನ ಹೊಲಾ ಕಳೀಬ್ಯಾಡ್ರಿ!”

ಕಟ್ಟೆ ಒಮ್ಮೆಲೇ ಬಾಯಿ ಬಿಟ್ಟಿತು. ಏಳು ಚೀಟಿ, ದಮ್ಮು, ಮೊಣಕಾಲು, ಗೇಟಿನ ಬುಡ, ಹಾಳೆಯಲ್ಲಿದ್ದ ಹಾಗೆಯೇ, ಅದೇ ಕ್ರಮದಲ್ಲಿ. ಅಧಿಕಾರಿ ಒಂದೊಂದಕ್ಕೂ ಗುರುತು ಹಾಕಿಕೊಂಡು ಪೆನ್ನು ಮುಚ್ಚಿದರು. “ರೋಗ ಮುಚ್ಚಿಟ್ಟ ಮನುಷ್ಯರನ್ನು ನೋಡಿದ್ದೇನೆ. ಸುಳ್ಳು ಆರೋಗ್ಯ ಹೇಳಿದ ಊರನ್ನು ನೋಡಿದ್ದು ಇವತ್ತೇ” ಎಂದರು.

ಬಿಲ್ಲು ಕಂಪನಿ ಕಟ್ಟಿತು. ಹೊಲ ಉಳಿಯಿತು. ಕಾಕಾ ಊರಿಗೆ ಬಂದ ದಿನ ನೋಡಲು ಹೋದೆ. ಅವರ ಹೆಂಡತಿ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ನನ್ನ ಚೀಲದಿಂದಲೇ ಹೊಸ ಫಾರಂ ತೆಗೆದರು. “ಇವತ್ತ ನಿಮ್ದು ರೀ. ಬರೀರಿ.”

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ‘ದಿನಾ ವ್ಯಾಯಾಮ ಮಾಡುತ್ತೀರಾ?’ ಎಂಬಲ್ಲಿ ‘ಹೌದು’ ಎಂದು ಬರೆದೆ.

ಕಟ್ಟೆಯವರೆಲ್ಲ ಒಟ್ಟಿಗೆ ಕೆಮ್ಮಿದರು.

ಕಾಕಾಗೆ ಹೆಚ್ಚುವರಿ ಹಾಳೆ ಒಂದು ಬೇಕಾಗಿತ್ತು. ನನಗೆ ಮೂರು.