ಕೋಳಿಯಂಥ ನವಿಲು

ನಿಹಾಲ್ ಸಿಂಗನ ತಾಪತ್ರಯವೆಲ್ಲ ಶುರುವಾದದ್ದು ಕುಳ್ಳ ಗೋಧಿಯಿಂದ. ಹೊಸ ಬೀಜ, ಚೀಲದ ಗೊಬ್ಬರ, ಕೊಳವೆ ಬಾವಿಯ ನೀರು; ಪೈರು ಸೊಂಟದ ಮೇಲೆ ಏಳಲಿಲ್ಲ, ತೆನೆ ಮಾತ್ರ ತುಂಬು ಬಸುರಿಯ ಹಾಗೆ ತೂಗಿತು. ಮೊದಲಿನ ಮೂರು ಪಟ್ಟು ಕಾಳು! ಮೋಗಾ ಪೇಟೆಯ ಮಂಡಿಗೆ ಹಾಕಿ ಮಿಕ್ಕದ್ದು ಅಂಗಳ ತುಂಬಿ, ಹಜಾರ ತುಂಬಿ, ಕೊನೆಗೆ ಮಂಚವನ್ನೂ ಹತ್ತಿತು. ಯಜಮಾನ ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಮಲಗಿದ.

ಕೋಣೆಯ ಮೂಲೆಯಲ್ಲೊಂದು ಮಣ್ಣಿನ ಕಣಜವಿತ್ತು. ಹೊಸ ಫಸಲಿನ ಕಾಲು ಭಾಗವೂ ಅದರಲ್ಲಿ ಹಿಡಿಯದು. ಹೆಂಡತಿ ಇಂದೋ ಜೇಡಿಮಣ್ಣಿಗೆ ಹೊಟ್ಟು ಕಲಸಿ ಕೈಯಾರೆ ಕಟ್ಟಿದ್ದು. ಮೇಲೊಂದು ನವಿಲನ್ನೂ ಮೂಡಿಸಿದ್ದಳು. "ಇದೇನೇ, ಕೋಳಿ ಮಾಡಿದೀಯ?" ಎಂದು ಅವನು ನಕ್ಕಿದ್ದಕ್ಕೆ ಮಾತು ಬಿಟ್ಟಿದ್ದಳು. ಹೋದ ಚಳಿಗಾಲ ಅವಳು ತೀರಿಕೊಂಡಳು. ಈಗ ಅವನು ದಿನಾ ಬೆಳಿಗ್ಗೆ ಆ ಕೋಳಿಯನ್ನು ಸವರಿ, "ನವಿಲೇ ಕಣೇ, ಒಪ್ಕೊಂಡೆ" ಎಂದು ಹೇಳಿಯೇ ಹೊಲಕ್ಕೆ ಹೋಗುತ್ತಿದ್ದ.

ಒಂದು ದಿನ ಪಕ್ಕದ ಮನೆಯ ಕರ್ತಾರೋ ಅತ್ತಿಗೆ ಕೇಳಿಸಿಕೊಂಡುಬಿಟ್ಟಳು.

"ಏನೋ ನಿಹಾಲ, ಮಣ್ಣಿನ ಜೊತೆ ಸಂಸಾರ ಮಾಡ್ತಿದೀಯಾ? ಊರೋರೆಲ್ಲ ತಗಡಿನ ಕಣಜ ತಂದಾಯ್ತು. ನೀನು ಎಮ್ಮೆ ಜೊತೆ ಮಲಗು!"

ಬಾಗಿಲಲ್ಲಿ ಇನ್ನೂ ನಾಲ್ಕು ತಲೆ ಇಣುಕಿ ನಕ್ಕವು. ನಿಹಾಲ್ ಸಿಂಗನ ಕಿವಿ ಕಾದ ತವೆಯಾಯಿತು.

"ಈ ಹಳೇ ಮಣ್ಣುಮುದ್ದೆ ಯಾರಿಗೆ ಬೇಕು ಅತ್ತಿಗೆ? ಇವತ್ತೇ ತಗಡಿಂದು ತರ್ತೀನಿ, ಇದನ್ನ ಒಡೆದು ಬಿಸಾಕ್ತೀನಿ!" ಎಂದುಬಿಟ್ಟ.

ಮನಸ್ಸಿನೊಳಗೆ ಬೇರೆಯೇ ಇತ್ತು. ತಗಡಿನದನ್ನು ಹಜಾರದಲ್ಲಿ ನಿಲ್ಲಿಸಿ ಗೋಧಿಯೆಲ್ಲ ಅದಕ್ಕೆ ಸುರಿದರೆ, ಇಂದೋಳ ಕಣಜದ ತಂಟೆಗೆ ಯಾರು ಬರುತ್ತಾರೆ?

ಮೋಗಾದಿಂದ ಬರುವಾಗ ಕಾಲುವೆ ಏರಿಯ ಮೇಲೆ ಹಗ್ಗ ಕಿತ್ತುಹೋಯಿತು. ತಗಡಿನ ಕಣಜ ಗಾಡಿಯಿಂದ ಹಾರಿ, ಡೋಲು ಬಾರಿಸಿಕೊಂಡು ಹೊರಟ ಮದುವೆ ದಿಬ್ಬಣದಂತೆ ಇಳಿಜಾರಿನಲ್ಲಿ ಉರುಳಿತು. ಬಿಚ್ಚಿದ ಪೇಟ ಹಿಡಿದು ಅವನು ಹಿಂದೆ ಓಡಿದ. "ಹಿಡಿಯೋ, ನಿನ್ನ ಹೊಸ ಹೆಂಡ್ತಿ ಓಡೋಗ್ತಿದಾಳೆ!" ಎಂದು ಹೊಲದವರು ಕೂಗಿದರು. ಅಂತೂ ಅದನ್ನು ಮತ್ತೆ ಗಾಡಿಗೇರಿಸಿ, ಮೊಣಕೈ ತರಚಿಕೊಂಡು ಮನೆ ಸೇರಿದ.

ಬಾಗಿಲಲ್ಲಿ ಕರ್ತಾರೋ ಅತ್ತಿಗೆ ನಿಂತಿದ್ದಳು. ಕೈಯಲ್ಲಿ ಗುದ್ದಲಿ, ಮೈಯೆಲ್ಲ ಧೂಳು, ಮುಖದ ತುಂಬ ನಗು.

"ಬಾ ಬಾ! ನೀನೊಬ್ಬನೇ ಎಷ್ಟು ಒದ್ದಾಡ್ತೀಯ ಅಂತ ನಾವೇ ಒಡೆದು ಜಾಗ ಮಾಡಿದ್ವಿ. ಏನು ಗಟ್ಟಿ ಇತ್ತು ಮಾರಾಯ! ಇಂದೋ ಕೈ ಅಂದ್ರೆ ಸುಮ್ನೇನಾ?"

ನಿಹಾಲ್ ಸಿಂಗ್ ಖಾಲಿ ಮೂಲೆಯನ್ನು ನೋಡಿದ.

"ಒಳ್ಳೇದಾಯ್ತು ಅತ್ತಿಗೆ," ಎಂದ. ಎಲ್ಲರಿಗೂ ಮಜ್ಜಿಗೆ ಕೊಟ್ಟ. ಆಮೇಲೆ ಮೆಲ್ಲಗೆ ಕೇಳಿದ: "ಆ ಮಣ್ಣು?"

"ಕೊಟ್ಟಿಗೆಯಲ್ಲಿ ನೀನು ಮಲಗೋ ಕಡೆ ತಗ್ಗಿತ್ತಲ್ಲ, ಅಲ್ಲಿಗೆ ಹಾಕಿ, ನೀರು ಬಿಟ್ಟು ತುಳಿದ್ವಿ. ನೆಲ ಈಗ ಹೇಗಿದೆ ನೋಡು!"

ಗೋಧಿಯೆಲ್ಲ ತಗಡಿನೊಳಗೆ ಸೇರಿತು. ಮಂಚ ಖಾಲಿಯಾಯಿತು. ನಿಹಾಲ್ ಸಿಂಗ್ ಮಾತ್ರ ಇವತ್ತಿಗೂ ಕೊಟ್ಟಿಗೆಯಲ್ಲೇ ಮಲಗುತ್ತಾನೆ. ಅವನಿಗೆ ಎಮ್ಮೆಯ ಮೇಲೆ ಮನಸ್ಸಾಗಿದೆ ಎಂದು ಕರ್ತಾರೋ ಅತ್ತಿಗೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ.