ಹಸ್ತಚಾಲಿತ ಸ್ಥಾವರ ಯಂತ್ರ

ಕುಂದಗೋಳ ತಾಲೂಕಿನ ಮಾವಿನಗುಂಟಿ ವಿದ್ಯುತ್ ಶಾಖಾ ಕಚೇರಿಯಲ್ಲಿ, ಒಬ್ಬ ಮನುಷ್ಯ ಒಂದೇ ಕೈಯಲ್ಲಿ ಎತ್ತಿ ಒಯ್ಯಬಹುದಾದ ಏಳು ಕಿಲೋ ತೂಕದ ಯಂತ್ರವೊಂದನ್ನು ನಾಲ್ಕು ಬೋಲ್ಟು ಮತ್ತು ಒಂದೂವರೆ ಚೀಲ ಸಿಮೆಂಟಿನ ಸಹಾಯದಿಂದ ನೆಲಕ್ಕೆ ಭದ್ರಪಡಿಸಲಾಗಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಎಲ್ಲವೂ ನಿಯಮದಂತೆಯೇ ನಡೆದಿದೆ.

ಯಂತ್ರ ಬಂದದ್ದು ಜನವರಿಯ ಕೊನೆಯ ವಾರ, ಕೆಂಪು ತಗಡಿನ ಪೆಟ್ಟಿಗೆಯಲ್ಲಿ. ದಪ್ಪ ಕೇಬಲ್ಲಿನ ತುದಿಗೆ ಲಗ್ ಎಂಬ ಲೋಹದ ಟೊಪ್ಪಿಗೆ ತೊಡಿಸಿ, ಎರಡೂ ಒಂದೇ ಎರಕವೇನೋ ಅನ್ನುವಷ್ಟು ಬಿಗಿಯಾಗಿ ಅಮುಕುವುದು ಅದರ ಕೆಲಸ, ಕ್ರಿಂಪಿಂಗ್ ಟೂಲ್ ಅದರ ಹೆಸರು. ಎರಡು ಉದ್ದನೆಯ ಹಿಡಿಕೆ, ಒಳಗೆ ಎಣ್ಣೆ, ಮುಂದೆ ದವಡೆ. ಒಂದು ಹಿಡಿಕೆ ಹಿಡಿದು ಇನ್ನೊಂದನ್ನು ಹತ್ತು ಹದಿನೈದು ಸಲ ಒತ್ತಿದರೆ ಮುಗಿಯಿತು. ಲೈನ್‌ಮನ್ ಫಕೀರೇಶ ನೋಡಿದ ಕೂಡಲೇ ಅದಕ್ಕೆ ಮನಸೋತ. ಇಪ್ಪತ್ತೆರಡು ವರ್ಷ ಸುತ್ತಿಗೆ-ಉಳಿಯಿಂದ ಲಗ್ ಬಡಿದವನು ಅವನು. ಬಡಿದ ಲಗ್ಗು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಸಡಿಲವಿದ್ದಲ್ಲಿ ಕಾಯುತ್ತದೆ, ಕಾದಲ್ಲಿ ಸುಡುತ್ತದೆ, ಆಮೇಲೆ ಊರ ಮಂದಿ ಲೈನ್‌ಮನ್ನನ ತಂದೆತಾಯಿಯನ್ನು ನೆನೆಯುತ್ತಾರೆ. ಈ ಟೂಲ್ ಬಂತೆಂದರೆ ತನ್ನ ಹಿರಿಯರಿಗೆ ಶಾಂತಿ ಸಿಕ್ಕಿತೆಂದೇ ಅವನು ಭಾವಿಸಿದ. ಶಾಖೆಯು ಅವನನ್ನು ಹುಬ್ಬಳ್ಳಿಗೆ ಒಂದು ದಿನದ ತರಬೇತಿಗೆ ಕಳಿಸಿತು. ಅವನಿಗೆ ಪ್ರಮಾಣಪತ್ರ ಕೊಟ್ಟರು. ಜೊತೆಗೆ ಹೋಗಿ ಊಟದ ಹೊತ್ತಿಗೆ ಎಚ್ಚರವಾಗಿದ್ದ ಶಾಖಾಧಿಕಾರಿ ಸಂಗನಬಸವ ಸಾಹೇಬರಿಗೆ ಸೂಟ್‌ಕೇಸ್ ಕೊಟ್ಟರು.

ಅವರಿಬ್ಬರೂ ಹುಬ್ಬಳ್ಳಿಯಲ್ಲಿದ್ದಾಗಲೇ ಇಲ್ಲಿ ಯಂತ್ರದ ನೋಂದಣಿ ನಡೆಯಿತು. ಸ್ಟೋರ್ ನೋಡಿಕೊಳ್ಳುವ ರೋಹಿಣಿಯವರು ಕಂಪ್ಯೂಟರಿನ ಯಾದಿ ತೆರೆದರು. ಅದರಲ್ಲಿ ಕುರ್ಚಿ ಇತ್ತು, ಕಪಾಟಿತ್ತು, ನೀರಿನ ಹೂಜಿ ಇತ್ತು, ಕ್ರಿಂಪಿಂಗ್ ಟೂಲ್ ಇರಲಿಲ್ಲ. ಎಣ್ಣೆ ಹಾಕುವ ವಸ್ತುಗಳೆಂದು ಹುಡುಕಿದಾಗ ‘ಸ್ಥಾವರ ಯಂತ್ರ’ ಎಂಬ ಒಂದೇ ಹೆಸರು ಸಿಕ್ಕಿತು. ಅದನ್ನು ಒತ್ತಿದ ಕೂಡಲೇ ಕಂಪ್ಯೂಟರು ಕೇಳಿತು: ‘ಯಂತ್ರವನ್ನು ಅಡಿಪಾಯಕ್ಕೆ ಬಿಗಿಯಲಾಗಿದೆಯೇ?’ ಇಲ್ಲ ಎಂದರೆ ಮುಂದಿನ ಪುಟ ಬರುವುದಿಲ್ಲ. ಹೌದು ಎಂದು ಸುಳ್ಳು ಬರೆಯುವ ಪೈಕಿ ರೋಹಿಣಿಯವರಲ್ಲ. ಸಂಜೆಯೊಳಗೆ ಸಿಮೆಂಟು ತರಿಸಿ, ಗಾರೆ ಕೆಲಸದ ಗೌಂಡಿಯನ್ನು ಕರೆಸಿದರು.

ಮರುದಿನ ಫಕೀರೇಶ ಬಂದು ನೋಡಿದರೆ ಟೂಲ್ ಕಚೇರಿಯ ನಡುಮನೆಯಲ್ಲಿ ಅಂಗಾತ ಮಲಗಿತ್ತು. ಬಗ್ಗಿ ಎತ್ತಲು ನೋಡಿದ, ಅಲುಗಲಿಲ್ಲ.

“ಮೇಡಂ, ಇದು ಕೈಯಾಗ ಹಿಡಕೊಂಡು ಮಾಡೂ ಟೂಲ್ ಐತ್ರಿ.”

“ನಿನ್ನೆ ಮಟಾ ಹಂಗಽ ಇತ್ತು,” ಎಂದರು ರೋಹಿಣಿಯವರು. “ಈಗ ಸ್ಥಾವರ ಆಗೇತಿ.”

“ಮತ್ತ ಕಂಬದ ಹಂತ್ಯಾಕ ಹೆಂಗ ಒಯ್ಯೂದ್ರಿ?”

“ಒಯ್ಯಾಕ ಬರಬಾರದು ಅಂತನಽ ಬಿಗದದ್ದು. ಒಯ್ದರ ಅದು ಸ್ಥಾವರ ಹೆಂಗ ಆಕ್ಕೈತಿ?”

ಫಕೀರೇಶ ಪ್ರಮಾಣಪತ್ರ ತೆಗೆದು ಎರಡೂ ಬದಿ ಓದಿದ. ಹುಬ್ಬಳ್ಳಿಯ ತರಬೇತಿಯಲ್ಲಿ ಈ ಭಾಗವನ್ನು ಕಲಿಸಿರಲಿಲ್ಲ. ಹೊಸ ಯಂತ್ರ ಬಂದ ಕಾರಣ ಹಳೆಯ ಸುತ್ತಿಗೆ-ಉಳಿಗಳನ್ನು ಹಿಂದಕ್ಕೆ ಪಡೆದು ಬೀಗ ಹಾಕಿದ್ದರಿಂದ ಅವನು ಬರಿಗೈಯಲ್ಲಿ ಡ್ಯೂಟಿಗೆ ಹೊರಟ.

ಹೀಗಿರುವಾಗ ಫೆಬ್ರವರಿ ಹನ್ನೊಂದರಂದು, ನಾಲ್ಕು ಕಿಲೋಮೀಟರ್ ದೂರದ ಹತ್ತಿಕೊಪ್ಪದಲ್ಲಿ, ಮಲ್ಲಕ್ಕನ ಗಿರಣಿಗೆ ಕರೆಂಟು ಕೊಡುವ ಟಿಸಿಯ ಕೇಬಲ್ಲಿನಲ್ಲಿ ಲಗ್ಗೊಂದು ಸುಟ್ಟುಹೋಯಿತು. ಟಿಸಿ ಎಂದರೆ ಟ್ರಾನ್ಸ್‌ಫಾರ್ಮರ್. ನಮ್ಮ ಕಡೆ ಹೊಲಕ್ಕೆ ಹೋಗುವ ಎಮ್ಮೆಗಳಿಗೂ ಇದು ಗೊತ್ತು. ಮಲ್ಲಕ್ಕನದು ಖಾರ ಕುಟ್ಟುವ ಗಿರಣಿ. ಯುಗಾದಿಗೆ ಮುಂಚಿನ ಆರು ವಾರದಲ್ಲಿ ಸುತ್ತಲಿನ ಹಳ್ಳಿಯವರೆಲ್ಲ ವರ್ಷದ ಖಾರ ಕುಟ್ಟಿಸಿಕೊಳ್ಳುತ್ತಾರೆ. ಆ ಆರು ವಾರದ ದುಡಿಮೆಯಲ್ಲೇ ಅವಳು ಉಳಿದ ನಲವತ್ತಾರು ವಾರ ಉಣ್ಣಬೇಕು. ಬಂದ ಗಿರಾಕಿ ಒಮ್ಮೆ ಬೇರೆ ಗಿರಣಿಗೆ ಹೋದರೆ ಮುಂದಿನ ವರ್ಷ ಅತ್ತಲೇ ಹೋಗುತ್ತಾನೆ. ಸಾಲದ್ದಕ್ಕೆ ಅವಳು ಫಕೀರೇಶನ ಒಡಹುಟ್ಟಿದ ಅಕ್ಕ. ತಾಯಿ ತೀರಿದ ಮೇಲೆ ಅವನಿಗೆ ಉಣಿಸಿ, ಉಡಿಸಿ, ಬೇಕಾದಾಗ ಬಡಿದು ದೊಡ್ಡವನನ್ನಾಗಿ ಮಾಡಿದವಳು.

“ಏನಲೇ ಫಕೀರ್ಯಾ,” ಫೋನಿನಲ್ಲಿ ಅವಳ ದನಿ ಕೇಳಿ ಅವನು ಎದ್ದುನಿಂತ. “ಊರ ಮಂದಿ ಮನ್ಯಾಗೆಲ್ಲಾ ಲೈಟ್ ಹಚ್ಚತಿ. ಅಕ್ಕನ ಗಿರಣಿ ಬಂದಾದ್ರ ನಿನಗ ಕಣ್ಣ ಕಾಣಂಗಿಲ್ಲೇನು?”

“ಹತ್ತ ಮಿನೀಟಿನ ಕೆಲಸ ಐತಿ ಅಕ್ಕಾ. ಆದರ ಟೂಲ್ ನೆಲಕ್ಕ ಬಿಗದಾರ.”

“ಯಾಕ, ಓಡಿ ಹೋಗತಿತ್ತೇನು?”

ಫಕೀರೇಶ ಸಂಗನಬಸವ ಸಾಹೇಬರ ಮುಂದೆ ಕೈಕಟ್ಟಿ ನಿಂತು ವಿಷಯ ನಿವೇದಿಸಿದ. ಸಾಹೇಬರು ದಯಾಳು. ಕಣ್ಣುಮುಚ್ಚಿ ವಿಚಾರ ಮಾಡಿದರು. ಎರಡು ಸಲ ಗೊರಕೆ ಬಂದರೂ ವಿಚಾರ ನಿಲ್ಲಿಸಲಿಲ್ಲ.

“ಕೆಲಸದ ಕಡೆ ಯಂತ್ರ ಹೋಗಾಕ ಬರದಿದ್ರ, ಯಂತ್ರದ ಕಡೆ ಕೆಲಸ ಬರಬೇಕು,” ಎಂದರು. “ಇದರಾಗ ತಿಳಿಲಾರದ್ದೇನೈತಿ?”

“ಹಂಗಾರ ಆ ಕೇಬಲ್ ಅಷ್ಟ ಬಿಚ್ಚಿಕೊಂಡು ಬರ್ತೀನ್ರಿ ಸಾಹೇಬ್ರ. ಹನ್ನೆರಡ ಫೂಟ್ ಐತಿ, ಸೈಕಲ್ಲಿಗೆ ಸುತ್ತಿಕೊಂಡು ಬರ್ತೀನಿ.”

“ತಪ್ಪು. ಟಿಸಿಯಿಂದ ಬಿಚ್ಚಿದ ಕೇಬಲ್ ಗುಜರಿ ಅನಿಸಿಕೊಳ್ಳತೈತಿ. ಗುಜರಿಗೆ ರಿಪೇರಿ ಇಲ್ಲ, ಲಿಲಾವಿನ್ಯಾಗ ಕೂಗಿ ಮಾರೂದು ಅಷ್ಟ.”

ಅಂದೇ ಆದೇಶ ಹೊರಟಿತು: ‘ಹತ್ತಿಕೊಪ್ಪ ಗ್ರಾಮದ ಟಿಸಿಯು ತನ್ನ ಕೇಬಲ್ ಸಮೇತ ದುರಸ್ತಿಯ ನಿಮಿತ್ತ ಶಾಖಾ ಕಚೇರಿಗೆ ಖುದ್ದಾಗಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಅದರ ಗೈರುಹಾಜರಿಯನ್ನು ಗಂಭೀರವಾಗಿ ಪರಿಗಣಿಸಲಾಗುವುದು.’

ಟಿಸಿ ಆದೇಶವನ್ನು ಮೀರಲಿಲ್ಲ. ಅದೇ ಊರಿನ ಯುನೂಸನ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಹಗ್ಗ ಬಿಗಿಸಿಕೊಂಡು, ಹತ್ತಿಕೊಪ್ಪದ ಹೆಣ್ಣುಮಕ್ಕಳು ಹಚ್ಚಿದ ಕುಂಕುಮ ಧರಿಸಿ, ನಿಗದಿತ ಸಮಯಕ್ಕಿಂತ ಅರ್ಧ ತಾಸು ಮೊದಲೇ ಬಂದು ಅಂಗಳದಲ್ಲಿ ಇಳಿಯಿತು. ಕೇಬಲ್ಲನ್ನು ಬಾಗಿಲೊಳಗಿಂದ ಎಳೆದು ನಡುಮನೆಗೆ ತಂದರು. ಯಂತ್ರವು ಮಲಗಿದ್ದರಿಂದ ಫಕೀರೇಶನೂ ಹೊಟ್ಟೆಯ ಮೇಲೆ ಮಲಗಬೇಕಾಯಿತು.

ಅವನು ಕೇಬಲ್ಲಿನ ತುದಿಯ ಸಿಪ್ಪೆ ಸುಲಿದ, ತಂತಿಗಳನ್ನು ಬ್ರಷ್ಷಿನಿಂದ ತಿಕ್ಕಿದ, ಲಗ್ ತೊಡಿಸಿದ. ದವಡೆಗೆ ಸರಿಯಳತೆಯ ಅಚ್ಚು ಕೂಡಿಸಿ, ಎಣ್ಣೆಯ ತಿರುಪು ಬಿಗಿ ಮಾಡಿ, ನೆಲಕ್ಕೆ ಗಲ್ಲ ಹಚ್ಚಿ ಹಿಡಿಕೆ ಒತ್ತತೊಡಗಿದ. ಮೊದಮೊದಲು ಹಗುರ, ಆಮೇಲೆ ಬಿಗಿ, ಆಮೇಲೆ ಬಲು ಬಿಗಿ. ಹದಿಮೂರನೆಯ ಒತ್ತಿಗೆ ‘ಟಕ್’ ಅಂದಿತು. ತಿರುಪು ಸಡಿಲಿಸಿದಾಗ ಲಗ್ಗಿನ ಮೇಲೆ ಆರು ಮೂಲೆಯ ಗುರುತು ಬಿದ್ದಿತ್ತು. ಎಳೆದರೆ ಅಲುಗದು, ತಿರುವಿದರೆ ಮಿಸುಕದು. ಇಪ್ಪತ್ತೆರಡು ವರ್ಷದಲ್ಲಿ ಇಂಥದೊಂದನ್ನು ಅವನು ಮಾಡಿರಲಿಲ್ಲ. ಕಣ್ಣಲ್ಲಿ ನೀರು ಬಂತು. ನೆಲದ ಧೂಳೆಂದು ಒರೆಸಿಕೊಂಡ.

ಸಾಹೇಬರಿಗೆ ಹಾರ ಹಾಕಿದರು. ಟಿಸಿಯನ್ನು ಪರೀಕ್ಷೆಗೆಂದು ಅಂಗಳದ ಕಟ್ಟೆಗೇರಿಸಿ ಅಲ್ಲಿಯ ಲೈನಿಗೆ ಜೋಡಿಸಿದಾಗ ಸೊಗಸಾಗಿ ಗುಂಯ್ ಅಂದಿತು. ರೋಹಿಣಿಯವರು ದೂರನ್ನು ‘ಪರಿಹರಿಸಲಾಗಿದೆ’ ಎಂದು ಮುಚ್ಚಿದರು.

“ಇನ್ನ ಹತ್ತಿಕೊಪ್ಪಕ್ಕ ಒಯ್ಯೂಣು,” ಎಂದು ಯುನೂಸ ಟ್ರ್ಯಾಕ್ಟರ್ ಹತ್ತಿದ.

“ಎಲ್ಲಿಗೆ?” ಸಾಹೇಬರು ಕೈ ಅಡ್ಡ ಹಿಡಿದರು. “ನಮ್ಮ ಪರವಾನಗಿ ಇರೂದು ಕೆಟ್ಟ ಟಿಸಿ ಸಾಗಿಸಾಕ ಅಷ್ಟ. ಸುಸ್ಥಿತಿಯೊಳಗಿದ್ದ ಟಿಸಿ ಎತ್ತಿಕೊಂಡು ಹೋದ್ರ ಅದಕ್ಕ ಕಳವು ಅಂತಾರ.”

ಮಲ್ಲಕ್ಕ ಅಲ್ಲಿಯೇ ಇದ್ದಳು. ಟಿಸಿಯ ಹಿಂದೆಯೇ ನಡೆದುಬಂದಿದ್ದಳು. “ಅದು ಕೆಟ್ಟಿರಬೇಕು ಅಷ್ಟಽ ಹೌದಲ್ರಿ? ಒಂದ ಕಲ್ಲ ತೊಗೊಂಡು ಜಜ್ಜಲೇನು?”

“ಅದು ಸರ್ಕಾರಿ ಆಸ್ತಿ ನಾಶ ಆಕ್ಕೈತ್ರಿ ಅಕ್ಕಾರ. ಜೈಲು.”

“ಮತ್ತ ನನ್ನ ಗಿರಣಿಗೆ ಕರೆಂಟ್?”

“ನಿಮ್ಮ ಕರೆಂಟ್ ತಯಾರ್ ಐತಲ್ಲ,” ಸಾಹೇಬರು ಅಂಗಳದತ್ತ ಕೈ ಮಾಡಿದರು. “ಬಂದು ಒಯ್ಯೂದು ಗ್ರಾಹಕರ ಜವಾಬ್ದಾರಿ.”

ಫಕೀರೇಶ ನಾಚಿಕೆಯಿಂದ ತಲೆ ತಗ್ಗಿಸಿದ. ಆರು ವಾರದಲ್ಲಿ ಒಂದು ವಾರ ಆಗಲೇ ಕರಗಿತ್ತು. ಅಕ್ಕ ಬೈಯುತ್ತಾಳೆಂದು ಕಾದ. ಬೈದಿದ್ದರೆ ಅವನ ಜೀವಕ್ಕೆ ಹಗುರಾಗುತ್ತಿತ್ತು. ಮಲ್ಲಕ್ಕ ಟಿಸಿಯನ್ನು ನೋಡಿದಳು, ಕಚೇರಿಯ ನಡುಮನೆಯನ್ನು ಹೆಜ್ಜೆಯಿಂದ ಅಳೆದಳು, ಸೆರಗು ಸಿಕ್ಕಿಸಿಕೊಂಡಳು.

“ಯುನೂಸಾ, ಟ್ರ್ಯಾಕ್ಟರ್ ತಿರುವು. ಗಿರಣಿ ಹೇರಿಕೊಂಡು ಬರೂಣು.”

ಮರುದಿನ ಬೆಳಿಗ್ಗೆ ಗಿರಣಿ ಸ್ಥಾವರ ಯಂತ್ರದ ಬಾಜು ಕುಳಿತಿತು. ಅದಕ್ಕೆ ಬೇಕಾದ ಮೂರು ಲಗ್ಗುಗಳನ್ನು ಫಕೀರೇಶ ಮಲಗಿಕೊಂಡೇ ಒತ್ತಿಕೊಟ್ಟ. ಸುಸ್ಥಿತಿಯ ಟಿಸಿಯನ್ನು ಗ್ರಾಹಕಳಿರುವಲ್ಲಿಗೆ ಒಯ್ಯಬಾರದೆಂದಿದೆಯೇ ಹೊರತು, ಕರೆಂಟಿರುವಲ್ಲಿಗೆ ಗ್ರಾಹಕಳು ಬರಬಾರದೆಂದು ಯಾವ ನಿಯಮದಲ್ಲೂ ಇರಲಿಲ್ಲ. ಹತ್ತು ಗಂಟೆಗೆ ಮೆಣಸಿನಕಾಯಿಯ ಚೀಲಗಳ ಸಾಲು ಗೇಟಿನಾಚೆ ಬಂತು. ಹತ್ತೂಕಾಲಿಗೆ ಸಾಹೇಬರು ಮೊದಲ ಸೀನು ಸೀನಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಸೀನುತ್ತ ಸಹಿ ಹಾಕಿ, ಯಾರ ಸಹಿ ಯಾರದೆಂದು ತಿಳಿಯದಾಯಿತು. ಪ್ರಕಟಣೆ ಹಚ್ಚಲಾಯಿತು: ‘ಕಚೇರಿ ವೇಳೆಯಲ್ಲಿ ಸೀನುವ ಸಿಬ್ಬಂದಿ ಕಡತದಿಂದ ಮೂರು ಅಡಿ ದೂರ ಸರಿದು, ಪೂರ್ವ ದಿಕ್ಕಿಗೆ ಮುಖಮಾಡಿ, ಸರದಿಯಂತೆ ಸೀನತಕ್ಕದ್ದು. ಪ್ರತಿ ನಲವತ್ತು ಸೀನನ್ನು ಅರ್ಧ ದಿನದ ರಜೆ ಎಂದು ಪರಿಗಣಿಸಲಾಗುವುದು.’ ಎರಡು ದಿನದಲ್ಲಿ ಇಡೀ ಸಿಬ್ಬಂದಿಯ ವರ್ಷದ ರಜೆ ತೀರಿತು.

ಸುದ್ದಿ ಮೇಲಿನ ಕಚೇರಿಗೆ ಮುಟ್ಟಿತು. ಪರಿವೀಕ್ಷಣೆಗೆ ಅಧಿಕಾರಿಗಳು ಒಬ್ಬರ ಹಿಂದೊಬ್ಬರು ಬಂದರು. ಗಿರಣಿಯ ಕಾರ್ಯಕ್ಷಮತೆ ಪರೀಕ್ಷಿಸಲು ಪ್ರತಿಯೊಬ್ಬರೂ ಮನೆಯಿಂದ ಹತ್ತು ಕಿಲೋ ಬ್ಯಾಡಗಿ ಮೆಣಸಿನಕಾಯಿ ತಂದಿದ್ದರು. ಒಬ್ಬರು ಹೆಚ್ಚಿನ ಖಚಿತತೆಗಾಗಿ ಬೀಗರ ಮನೆಯದನ್ನೂ ತಂದರು. ಮಲ್ಲಕ್ಕ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿದಳು. ಕೊನೆಗೆ ವರದಿ ಬಂತು: ಸರ್ಕಾರಿ ಕಚೇರಿ ಮತ್ತು ಖಾರದ ಗಿರಣಿ ಒಂದೇ ಸೂರಿನಡಿ ಇರತಕ್ಕದ್ದಲ್ಲ, ಎರಡರಲ್ಲೊಂದನ್ನು ಕೂಡಲೇ ಸ್ಥಳಾಂತರಿಸುವುದು.

ಯಾವುದನ್ನು? ಕ್ರಿಂಪಿಂಗ್ ಟೂಲ್ ಸ್ಥಾವರ, ಅಲುಗಿಸುವಂತಿಲ್ಲ. ಟಿಸಿ ಸುಸ್ಥಿತಿಯಲ್ಲಿದೆ, ಸಾಗಿಸುವಂತಿಲ್ಲ. ಮಲ್ಲಕ್ಕ ಬಿಲ್ ಬಾಕಿ ಇಡದ ಗ್ರಾಹಕಳು, ಎಬ್ಬಿಸುವಂತಿಲ್ಲ. ಎರಡು ತಾಸು ಸಭೆ ನಡೆದ ಮೇಲೆ, ಇಡೀ ಕಟ್ಟಡದಲ್ಲಿ ನೆಲಕ್ಕೆ ಬಿಗಿಯದೆ ಇರುವುದು ಸಿಬ್ಬಂದಿ ಮಾತ್ರ ಎಂಬುದು ರೋಹಿಣಿಯವರ ಗಮನಕ್ಕೆ ಬಂತು.

ಶಾಖಾ ಕಚೇರಿಯು ಹತ್ತಿಕೊಪ್ಪದಲ್ಲಿ ಖಾಲಿ ಬಿದ್ದಿದ್ದ ಮಲ್ಲಕ್ಕನ ಗಿರಣಿಯ ತಗಡಿನ ಶೆಡ್ಡಿಗೆ ಸ್ಥಳಾಂತರಗೊಂಡಿತು. ಟಿಸಿ ಇಲ್ಲದ್ದರಿಂದ ಅಲ್ಲಿ ಕರೆಂಟಿರಲಿಲ್ಲ. ಕರೆಂಟಿಲ್ಲದ್ದರಿಂದ ಕಂಪ್ಯೂಟರು ನಡೆಯಲಿಲ್ಲ. ಕಂಪ್ಯೂಟರು ನಡೆಯದ್ದರಿಂದ ಯಾವ ದೂರೂ ದಾಖಲಾಗಲಿಲ್ಲ. ಮಾರ್ಚ್ ಕೊನೆಗೆ ಲೆಕ್ಕ ತೆಗೆದಾಗ, ಇಡೀ ವಿಭಾಗದಲ್ಲಿ ಒಂದೂ ದೂರಿಲ್ಲದ ಏಕೈಕ ಶಾಖೆಯೆಂದು ಅದಕ್ಕೆ ಪ್ರಶಸ್ತಿ ಘೋಷಣೆಯಾಯಿತು. ಸಾಹೇಬರಿಗೆ ಇನ್ನೊಂದು ಸೂಟ್‌ಕೇಸ್ ಬಂತು.

ಮಲ್ಲಕ್ಕನ ಹಂಗಾಮು ಉಳಿಯಿತು. ರಸ್ತೆಯ ಬದಿಯ ಜಾಗವಾದ್ದರಿಂದ ಗಿರಾಕಿ ಎರಡು ಪಟ್ಟಾದರು. ಯುಗಾದಿಯ ದಿನ ಅವಳು ತಮ್ಮನಿಗೆ ಹೋಳಿಗೆ ಬಡಿಸಿ, “ಚೊಲೋ ಕೆಲಸ ಮಾಡಿದಿ ಫಕೀರ್ಯಾ” ಎಂದಳು. ಹುಟ್ಟಿದಾಗಿನಿಂದ ಆ ಮಾತಿಗೆ ಕಾದಿದ್ದ ಅವನು ಮತ್ತೇನನ್ನೂ ವಿಚಾರ ಮಾಡಲಿಲ್ಲ.

ಏಪ್ರಿಲಿನಲ್ಲಿ ಬೇರೆ ಶಾಖೆಗಳ ಹನ್ನೆರಡು ಲೈನ್‌ಮನ್ನರನ್ನು ಮಾದರಿ ಪದ್ಧತಿ ಕಲಿಯಲು ಅವನ ಬಳಿ ಕಳಿಸಲಾಯಿತು. ಹಳೆಯ ಕಚೇರಿಯ ನಡುಮನೆಯಲ್ಲಿ, ಗಿರಣಿಯ ಬಾಜು, ಸಾಲಾಗಿ ಹೊಟ್ಟೆಯ ಮೇಲೆ ಮಲಗಿ, ಮೂಗಿಗೆ ವಸ್ತ್ರ ಕಟ್ಟಿಕೊಂಡು ಅವರು ಒಬ್ಬರಾದ ಮೇಲೊಬ್ಬರು ಹಿಡಿಕೆ ಒತ್ತುವುದನ್ನು ಅಭ್ಯಾಸ ಮಾಡಿದರು. ನವಲಗುಂದದ ಕಡೆಯಿಂದ ಬಂದ ಸುಭಾಸ ಎಂಬಾತ ಮಾತ್ರ ಎದ್ದುನಿಂತು, ಚೀಲದಿಂದ ತಮ್ಮ ಶಾಖೆಯ ಟೂಲ್ ಹೊರಗೆ ತೆಗೆದ.

“ಸರ, ನಮ್ಮದು ಬಿಗದಿಲ್ರಿ. ನಾವು ಕಂಬದ ಹಂತ್ಯಾಕ ಒಯ್ದು, ನಿಂತಕೊಂಡಽ ಒತ್ತತೀವಿ. ಹತ್ತ ಮಿನೀಟಿನಾಗ ಆಕ್ಕೈತಿ. ಅದು ತಪ್ಪೇನ್ರಿ?”

ನೆಲದ ಮೇಲಿದ್ದ ಹನ್ನೊಂದು ಮಂದಿ ತಲೆಯೆತ್ತಿ ಅವನನ್ನು ಕನಿಕರದಿಂದ ನೋಡಿದರು. ಫಕೀರೇಶ ಆ ಟೂಲನ್ನು ಕೈಗೆ ತೆಗೆದುಕೊಂಡ. ಏಳೇ ಕಿಲೋ. ಹಿಡಿಕೆಯನ್ನು ಒಂದು ಸಲ ಒತ್ತಿ ನೋಡಿದ. ಬೆಣ್ಣೆಯ ಹಾಗೆ ನಡೆಯಿತು. ಆಮೇಲೆ ತಿರುಗಿ ಕೊಟ್ಟು, ಸುಭಾಸನ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ಕೇಳಿದ:

“ಯಾಕಪಾ, ನಿಮ್ಮೂರಾಗ ಗೌಂಡಿ ಯಾರೂ ಇಲ್ಲೇನು?”